ದುಡಿಮೆಯೊಡನೆ ಗಣಕ ವಿದ್ಯಾಭ್ಯಾಸ

ವಿದ್ಯಾರ್ಜನೆಗೆ ವಯಸ್ಸಿನ ಕಟ್ಟಿಲ್ಲವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಸಂಸಾರದ ಹೊಣೆ ಹೊತ್ತು ಬಿ.ಸಿ.ರೋಡಿನ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ದುಡಿಯುವ ಹಳೆಯ ವಿದ್ಯಾರ್ಥಿಯು ಗಣಕ ವಿಜ್ಞಾನವನ್ನೂ ಕೃತಕ ಬುದ್ಧಿಮತ್ತೆಯನ್ನೂ ಅಭ್ಯಸಿಸಬಯಸಿದರೆ ದಾರಿ ಯಾವುದು? ಇದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗಿದೆ.

ಉನ್ನತ ವಿದ್ಯಾಸಂಸ್ಥೆಗಳು ನಮಗೆ ದೂರವಿಲ್ಲ. ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಮಂಗಳೂರು ವಿಶ್ವವಿದ್ಯಾನಿಲಯವು 1980ರಲ್ಲಿ ಸ್ಥಾಪನೆಗೊಂಡಿತು. ಆದರೆ ಹಗಲಿನ ತರಗತಿಗಳು ಹಗಲು ದುಡಿಯುವವನಿಗೆ ಎಟುಕುವುದಿಲ್ಲ. ಈ ಕೊರತೆಯನ್ನು ತುಂಬುವ ಮುಖ್ಯ ಪ್ರಯತ್ನಗಳಲ್ಲೊಂದು 2020ರಲ್ಲಿ ಮದರಾಸಿನ ಐಐಟಿಯು ಅಂತರಜಾಲದ ಮೂಲಕ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿ ಶಿಕ್ಷಣ. ನಾಲ್ಕು ವಾರ ಪಾಠಗಳನ್ನು ಅಭ್ಯಸಿಸಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅಲ್ಲಿ ಪ್ರವೇಶವುಂಟು. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರದಲ್ಲಿ. ತಳಹದಿ, ಡಿಪ್ಲೊಮಾ, ಪದವಿ ಎಂಬ ಮೆಟ್ಟಿಲುಗಳಿರುವುದರಿಂದ ನಡುವೆ ನಿಂತವನ ಶ್ರಮವೂ ವ್ಯರ್ಥವಾಗದು.

ಕಲಿಯಬೇಕಾದುದೇನು? ನಮ್ಮ ಅಡಿಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಾಲಿ, ಪಟೋರ, ಕರಿಗೋಟು ಎಂದು ಅನುಭವಿಗಳು ಕಣ್ಣಳತೆಯಿಂದಲೇ ವಿಂಗಡಿಸುತ್ತಾರೆ. ಗಣಕಕ್ಕೆ ಇದನ್ನು ಕಲಿಸಬೇಕಾದರೆ ಅವರೇ ಹೆಸರಿಟ್ಟ ಸಾವಿರಾರು ಚಿತ್ರಗಳನ್ನು ಕೊಡಬೇಕು. ಪ್ರತಿ ಚಿತ್ರವೂ ಅಂಕೆಗಳ ಸಾಲು. ಆ ಅಂಕೆಗಳನ್ನು ಕೆಲವು ತೂಕಗಳಿಂದ ಗುಣಿಸಿ ಕೂಡಿ ಯಂತ್ರವು ಒಂದು ಊಹೆಯನ್ನು ಮಾಡುತ್ತದೆ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಅಳೆದು, ಅದು ಕಡಮೆಯಾಗುವ ದಿಕ್ಕಿನಲ್ಲಿ ತೂಕಗಳನ್ನು ಕಿಂಚಿತ್ ತಿದ್ದುತ್ತದೆ. ಇದು ಸಹಸ್ರಾರು ಸಲ ನಡೆದಾಗ ವಿಂಗಡಣೆ ಸಾಧ್ಯವಾಗುತ್ತದೆ. ಅಂಕೆಗಳ ಸಾಲಿಗೆ ರೇಖೀಯ ಬೀಜಗಣಿತ, ತಿದ್ದುವ ದಿಕ್ಕಿಗೆ ಕಲನಶಾಸ್ತ್ರ, ಊಹೆಯ ಭರವಸೆಯನ್ನು ಅಳೆಯಲು ಸಂಭಾವ್ಯತೆ ಬೇಕು. ಆದುದರಿಂದ ಮರೆತ ಗಣಿತವನ್ನು ಮತ್ತೆ ಅಭ್ಯಸಿಸುವುದೇ ಮೊದಲ ಹೆಜ್ಜೆ.

ಹಣ ಕಟ್ಟುವ ಮುನ್ನ ಮಾನ್ಯತೆಯನ್ನು ವಿಚಾರಿಸುವುದು ಅತ್ಯಗತ್ಯ. 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ 2013-14ರಿಂದ ಮುಂದಿನ ಶಿಕ್ಷಣಕ್ರಮಗಳಿಗೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತಾದರೂ ನಡುವಣ ವಿದ್ಯಾರ್ಥಿಗಳು ಅನುಭವಿಸಿದ ಆತಂಕ ಅಲ್ಪವಲ್ಲ. ಇಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಿಂದ ನೀಡಲು ಆಯೋಗದ ನಿಯಮಗಳಲ್ಲಿ ಅವಕಾಶವಿಲ್ಲ. ಗಣಕ ಅನ್ವಯದ ಪದವಿಗಳಿಗೆ ಉಂಟು. ಈ ಭೇದವನ್ನು ಅರಿಯದೆ ಜಾಹೀರಾತನ್ನು ನಂಬಿದವನು ಹಣವನ್ನೂ, ಅದಕ್ಕಿಂತ ಮಿಗಿಲಾಗಿ ವರ್ಷಗಳನ್ನೂ ಕಳೆದುಕೊಳ್ಳುತ್ತಾನೆ.

ದಿನದ ದುಡಿಮೆಯಿಂದ ದಣಿದವನಿಗೆ ಬುದ್ಧಿಯ ಅಭಾವಕ್ಕಿಂತ ಸಮಯದ ಹಾಗೂ ಸಂಗಾತಿಯ ಅಭಾವವೇ ದೊಡ್ಡದು. ಒಂಟಿಯಾಗಿ ಓದುವವನು ಒಂದು ಕಠಿಣ ಲೆಕ್ಕದ ಎದುರು ಕೈಚೆಲ್ಲುವುದುಂಟು. ಸಂಜೆಯ ಹೊತ್ತು ಶಾಲೆಯ ಒಂದು ಕೋಣೆ, ನಾಲ್ಕು ಗಣಕಗಳು, ವಾರಕ್ಕೊಮ್ಮೆ ಗಣಿತ ಹೇಳಿಕೊಡುವ ಒಬ್ಬ ಉಪಾಧ್ಯಾಯರು, ಇಷ್ಟು ದೊರೆತರೆ ಅನೇಕರ ಓದು ದಡ ಸೇರೀತು. ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ಮಹನೀಯರು, ಕಟ್ಟಿದ ಕೋಣೆಯಲ್ಲಿ ಸಂಜೆಯೂ ದೀಪ ಉರಿಯುವಂತೆ ಮಾಡುವುದನ್ನೂ ಯೋಚಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.