ನಾಯಿಗೆ ತಗುಲಿದ ಗುಂಡು: ಕಾದಂಬರಿ ಪಾಠದಲ್ಲಿ ಪೂರ್ವಸೂಚನೆ

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಗೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ: ಪ್ರಮುಖ ಘಟನೆಗಳದೊಂದು, ಪೂರ್ವಸೂಚನೆಗಳದೊಂದು. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ. ಒಂದಕ್ಕೊಂದು ಏನು ಸಂಬಂಧ ಎಂದರೆ ಸುಮ್ಮನಾಗುತ್ತಾರೆ.

ನಾನು 10 ಮತ್ತು 21ನೆಯ ಅಧ್ಯಾಯಗಳನ್ನು ಒಂದೇ ಅವಧಿಯಲ್ಲಿ ಜೋಡಿಸಿ ಓದಿಸುತ್ತೇನೆ. ಕಥೆ ನಡೆಯುವುದು 1930ರ ದಶಕದ ಅಲಬಾಮಾದ ಮೇಕಾಂಬ್ ಎಂಬ ಕಲ್ಪಿತ ಊರಿನಲ್ಲಿ. ಫೆಬ್ರವರಿಯ ಒಂದು ದಿನ ಬೀದಿಗೆ ಹುಚ್ಚುನಾಯಿ ಬರುತ್ತದೆ. ಜನ ಬಾಗಿಲು ಹಾಕಿಕೊಳ್ಳುತ್ತಾರೆ. ವಕೀಲ ಆಟಿಕಸ್ ಒಂದೇ ಗುಂಡಿಗೆ ಅದನ್ನು ಕೆಡವುತ್ತಾನೆ. ಮುಂದೆ, ಬಿಳಿಯ ಯುವತಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಕಪ್ಪುವರ್ಣೀಯ ಕೂಲಿಗಾರ ಟಾಮ್ ರಾಬಿನ್‌ಸನ್‌ನ ಪರ ವಾದಿಸುವವನೂ ಅವನೇ. ತೀರ್ಪಿನ ರಾತ್ರಿ ಮಗಳು ಸ್ಕೌಟ್ ಕೂತಿರುವುದು ನ್ಯಾಯಾಲಯದಲ್ಲಿ ಕಪ್ಪುಜನರಿಗೆಂದು ಬೇರೆ ಮಾಡಿದ ಮೇಲಂತಸ್ತಿನಲ್ಲಿ. ಅವಳಿಗೆ ಆ ಫೆಬ್ರವರಿಯ ಬೀದಿ ಕಣ್ಣಿಗೆ ಕಟ್ಟುತ್ತದೆ. ಅಪ್ಪ ಬಂದೂಕು ಎತ್ತುತ್ತಾನೆ, ಟ್ರಿಗರ್ ಎಳೆಯುತ್ತಾನೆ. ಆದರೆ ಒಳಗೆ ಗುಂಡಿಲ್ಲವೆಂದು ಅವಳಿಗೆ ಗೊತ್ತು.

ಇಲ್ಲಿ ಒಂದೇ ಪ್ರಶ್ನೆ ಸಾಕು: ಆಗ ಇದ್ದ ಗುಂಡು ಈಗ ಏಕಿಲ್ಲ? ಕೇಳಿ ಕಾಯಬೇಕು. (ಆ ಮೌನಕ್ಕೆ ವೀಕ್ಷಕರು ಅಂಕ ಕಳೆಯದಿರಲಿ.) ಯಾರಾದರೂ ಪುರಾವೆಯ ಕಡೆ ಬಂದೇ ಬರುತ್ತಾರೆ. ಯುವತಿಯ ಮುಖದ ಬಲಭಾಗಕ್ಕೆ ಏಟು ಬಿದ್ದಿತ್ತು, ಅವಳ ತಂದೆ ಎಡಚ, ಟಾಮ್‌ನ ಎಡಗೈ ಹತ್ತಿಯ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿತ್ತು. ವಾದದ ಗುರಿ ತಪ್ಪಿರಲಿಲ್ಲ. ಆದರೂ ಬಿಳಿಯ ಜ್ಯೂರಿ ತಪ್ಪಿತಸ್ಥನೆಂದಿತು. ಅಲಬಾಮಾದಲ್ಲಿ ಕಪ್ಪುಜನರನ್ನು ಜ್ಯೂರಿಯಿಂದ ಹೊರಗಿಟ್ಟದ್ದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲಿ ಸ್ಕಾಟ್ಸ್‌ಬರೋ ಯುವಕರ ಪ್ರಕರಣದಲ್ಲಿ ಹೇಳಬೇಕಾಯಿತು. ಈ ಒಂದು ಸಂಗತಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಲೇಖಕಿಯ ಜೀವನಚರಿತ್ರೆ ಆಮೇಲಾದರೂ ಆದೀತು.

ಪೂರ್ವಸೂಚನೆ ಎಂದರೆ ಕುತೂಹಲ ಕೆರಳಿಸುವ ತಂತ್ರ ಎಂಬ ವ್ಯಾಖ್ಯೆ ಈ ಪುಸ್ತಕಕ್ಕೆ ಹೊಂದುವುದಿಲ್ಲ. ಸೋಲುತ್ತೇವೆಂದು ಆಟಿಕಸ್ 9ನೆಯ ಅಧ್ಯಾಯದಲ್ಲೇ ಮಗಳಿಗೆ ಹೇಳಿಬಿಟ್ಟಿದ್ದಾನೆ. ತೀರ್ಪನ್ನು ಅನಿರೀಕ್ಷಿತ ತಿರುವೆಂದು ಪಾಠ ಮಾಡಿದರೆ, ವಿಚಾರಣೆಗೆ ಮೊದಲೇ ಅದನ್ನು ಬರೆದಿಟ್ಟಿದ್ದ ವರ್ಣಭೇದ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ಬದಲು, ಸೋಲು ಖಚಿತವಿದ್ದೂ ಜ್ಯೂರಿ ಅಷ್ಟು ಗಂಟೆ ತೆಗೆದುಕೊಂಡಿತೇಕೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಪ್ರಮುಖ ಘಟನೆ ಆ ವಿಳಂಬವೇ.

ಮನೆಗೆಲಸವಾಗಿ ಕಾದಂಬರಿಯ ಆರಂಭವನ್ನು ಮತ್ತೆ ಓದಿಸಿ. ಅಲ್ಲಿ ಅಣ್ಣ ಜೆಮ್‌ನ ಕೈ ಮುರಿದ ಸಂಗತಿಯಿದೆ; ವಾಸಿಯಾದ ಮೇಲೂ ಆ ಕೈ ಇನ್ನೊಂದಕ್ಕಿಂತ ಗಿಡ್ಡವಾಗಿಯೇ ಉಳಿಯಿತು. ಯಾವ ಕೈ ಎಂದು ಮಕ್ಕಳೇ ಹುಡುಕಲಿ. ಟಾಮ್‌ನ ಕೈಯನ್ನು ನೀವಾಗಿ ನೆನಪಿಸಬೇಡಿ.