ಮಣ್ಣಿನ ಕಾರ್ಡಿನಲ್ಲಿರುವ ರಂಜಕದ ಅಂಕಿ ಎಲ್ಲಿಂದ ಬಂತು?

ಮಣ್ಣು ಆರೋಗ್ಯ ಕಾರ್ಡಿನಲ್ಲಿ ‘ಲಭ್ಯ ರಂಜಕ 51’ ಎಂದಿರುತ್ತದೆ. ಅದನ್ನು ಓದಿ ಬೀರುವಿನಲ್ಲಿಟ್ಟು, ಹೋದ ವರ್ಷದಷ್ಟೇ ಡಿಎಪಿ ಚೀಲ ತರುವವರೇ ಹೆಚ್ಚು. ಈ 51 ಹುಟ್ಟಿದ ಬಗೆ ತಿಳಿದರೆ ಅದನ್ನು ಎಷ್ಟು ನಂಬಬಹುದು ಎಂಬುದೂ ತಿಳಿಯುತ್ತದೆ.

ಪ್ರಯೋಗಾಲಯದಲ್ಲಿ ರಂಜಕವನ್ನು ಯಾರೂ ತೂಗುವುದಿಲ್ಲ, ಬಣ್ಣ ನೋಡುತ್ತಾರೆ. ಓಲ್ಸೆನ್ ವಿಧಾನದಲ್ಲಿ 2.5 ಗ್ರಾಂ ಮಣ್ಣನ್ನು 50 ಮಿ.ಲೀ. ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಅರ್ಧ ಗಂಟೆ ಕುಲುಕಿ ಸೋಸುತ್ತಾರೆ. (ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಬ್ರೇ ವಿಧಾನ. ಲೆಕ್ಕದ ದಾರಿ ಅದೇ, ಗುಣಿಸುವ ಅಂಕಿ ಬೇರೆ.) ಸೋಸಿದ ತಿಳಿಯಲ್ಲಿ 5 ಮಿ.ಲೀ. ತೆಗೆದು, ಆಮ್ಲ, ಮಾಲಿಬ್ಡೇಟ್ ಮತ್ತು ವಿಟಮಿನ್ ಸಿ ಬೆರೆಸಿ, ನೀರು ಸೇರಿಸಿ 25 ಮಿ.ಲೀ. ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ನೀಲಿ ಮೂಡುತ್ತದೆ, ಬಿಳಿ ಪಂಚೆ ಅದ್ದಲು ನೀಲಿ ಹಾಕಿಟ್ಟ ಬಕೆಟ್ಟಿನ ನೀರಿನ ಹಾಗೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ.

ಗಾಢ ಎಷ್ಟೆಂದು ಹೇಳಲು ಕಣ್ಣು ಸಾಲದು. ಸ್ಪೆಕ್ಟ್ರೋಫೋಟೋಮೀಟರ್ ಆ ದ್ರಾವಣದ ಮೂಲಕ 882 ನ್ಯಾನೋಮೀಟರ್ ಅಲೆಯ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ಅಳೆಯುತ್ತದೆ. ಇದೇ ಅಬ್ಸಾರ್ಬೆನ್ಸ್. ಅದು 1 ಎಂದರೆ ಬೆಳಕಿನ ಹತ್ತರಲ್ಲಿ ಒಂದು ಪಾಲು ಮಾತ್ರ ಆಚೆ ಬಂತು ಎಂದರ್ಥ.

ಅಬ್ಸಾರ್ಬೆನ್ಸ್ ತಾನಾಗಿ ರಂಜಕದ ಪ್ರಮಾಣ ಹೇಳುವುದಿಲ್ಲ. ಸೇರು, ಪಾವು ಇಟ್ಟುಕೊಂಡು ಅಳೆದಂತೆ, ಇಷ್ಟೇ ರಂಜಕವಿದೆ ಎಂದು ಗೊತ್ತಿರುವ ದ್ರಾವಣಗಳನ್ನು ಮೊದಲು ಓದಿಸಬೇಕು. 0.2 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಎಂದರೆ ಒಂದು ಪಿಪಿಎಂ) 0.14, 0.4ಕ್ಕೆ 0.28, 0.6ಕ್ಕೆ 0.42 ಬಂತೆನ್ನಿ. ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳು ನೇರ ಗೆರೆಯಾಗುತ್ತವೆ: ಒಂದು ಪಿಪಿಎಂಗೆ 0.70.

ಈಗ ನಿಮ್ಮ ಹೊಲದ ಮಣ್ಣು 0.084 ತೋರಿಸಿತು. ಮಣ್ಣೇ ಹಾಕದೆ, ಉಳಿದದ್ದೆಲ್ಲ ಹಾಗೆಯೇ ಮಾಡಿದ ಬ್ಲ್ಯಾಂಕ್ 0.014 ತೋರಿಸಿತು. ಕಳೆದರೆ 0.070. ಅದನ್ನು 0.70ರಿಂದ ಭಾಗಿಸಿದರೆ 0.10 ಪಿಪಿಎಂ. ಇದು ನೀಲಿ ದ್ರಾವಣದಲ್ಲಿರುವುದು. ಮಣ್ಣಿಗೆ ಹಿಂತಿರುಗಲು 25ನ್ನು 5ರಿಂದ ಭಾಗಿಸಿ 5 ಪಟ್ಟು, 50ನ್ನು 2.5ರಿಂದ ಭಾಗಿಸಿ 20 ಪಟ್ಟು, ಅಂದರೆ 10 ಪಿಪಿಎಂ. ಹೆಕ್ಟೇರಿನ ಮೇಲ್ಪದರ 15 ಸೆಂ.ಮೀ. ಮಣ್ಣಿನ ತೂಕ 22.4 ಲಕ್ಷ ಕಿಲೋ ಎಂದು ಲೆಕ್ಕ ಹಿಡಿಯುವುದರಿಂದ 2.24ರಿಂದ ಗುಣಿಸಿದರೆ 22.4 ಕಿಲೋ ರಂಜಕ. ಗೊಬ್ಬರದ ಚೀಲದ ಭಾಷೆಗೆ, ಅಂದರೆ ಪಿ₂ಓ₅ಗೆ, 2.29ರಿಂದ ಗುಣಿಸಿ: 51.

ಕಾರ್ಡಿನಲ್ಲಿ ಯಾವ ರೂಪ ಕೊಟ್ಟಿದ್ದಾರೆ ಎಂದು ಕೇಳಲೇಬೇಕು. 22.4 ಮತ್ತು 51 ಒಂದೇ ಮಣ್ಣಿನವು, ಎರಡೂ ‘ಮಧ್ಯಮ’. ಆದರೆ 22.4ನ್ನು ಪಿ₂ಓ₅ ಎಂದು ಓದಿಕೊಂಡರೆ ಹೊಲ ‘ಕಡಿಮೆ’ ಸಾಲಿಗೆ ಬಿದ್ದು, ಬೇಡದ ಗೊಬ್ಬರಕ್ಕೆ ದುಡ್ಡು ಹೋಗುತ್ತದೆ.

ಇನ್ನು ಬ್ಲ್ಯಾಂಕ್ ಕಳೆಯುವುದನ್ನು ಮರೆತರೆ? 0.084ಕ್ಕೆ 0.12 ಪಿಪಿಎಂ, ಪಿ₂ಓ₅ ಲೆಕ್ಕದಲ್ಲಿ 61 ದಾಟುತ್ತದೆ. 56ರ ಗೆರೆ ಮೀರಿ ಮಣ್ಣು ‘ಹೆಚ್ಚು’ ಆಯಿತು. ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ಶಿಫಾರಸಿನ ಕಾಲು ಭಾಗ ಇಳಿಸುತ್ತಾರೆ. ನೀರಾವರಿ ರಾಗಿಗೆ ಹೆಕ್ಟೇರಿಗೆ 50 ಕಿಲೋ ಪಿ₂ಓ₅ ಕೊಡುವವರು 12.5 ಕಿಲೋ, ಅಂದರೆ ಅರ್ಧ ಚೀಲಕ್ಕೂ ತುಸು ಹೆಚ್ಚು ಡಿಎಪಿ ತಪ್ಪಿಸುತ್ತಾರೆ, ಬೇಕಿದ್ದಾಗಲೇ.

ಇದು ಪ್ರಯೋಗಾಲಯದವರ ಪಾಡು. ಆದರೆ ನಾನು ಕಂಡಂತೆ ಯಂತ್ರಕ್ಕಿಂತ ಚೀಲದಲ್ಲೇ ಹೆಚ್ಚು ತಪ್ಪಾಗುತ್ತದೆ. ಖಾಲಿ ಗೊಬ್ಬರದ ಚೀಲ ಕೊಡವಿ ಅದರಲ್ಲೇ ಮಣ್ಣು ತುಂಬಿ ತರುತ್ತಾರೆ. ಮೂಲೆಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ಡಿಎಪಿ ಕಾಳು 25 ಮಿಲಿಗ್ರಾಂ ತೂಗಿದರೂ ಅದರಲ್ಲಿ 5 ಮಿಲಿಗ್ರಾಂ ರಂಜಕವಿದೆ. ಅರ್ಧ ಕಿಲೋ ಮಣ್ಣಿನಲ್ಲಿ ಅದು ಹರಡಿದರೆ 10 ಪಿಪಿಎಂ! ಮಣ್ಣು ಅದರಲ್ಲಿ ಒಂದಿಷ್ಟನ್ನು ಬಿಗಿಹಿಡಿದರೂ, ಮೇಲಿನ ಹೊಲದ ಅಂಕಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ತಿಪ್ಪೆ, ಬದು, ಮರದ ನೆರಳು ಬಿಟ್ಟು ಹತ್ತಾರು ಕಡೆ ‘ವಿ’ ಆಕಾರದ ಗುಂಡಿ ತೋಡಿ, ಅರ್ಧ ಅಡಿ ಆಳದವರೆಗಿನ ಮಣ್ಣು ಕೆರೆದು, ನೆರಳಲ್ಲಿ ಒಣಗಿಸಿ ಬೆರೆಸಿ, ಅರ್ಧ ಕಿಲೋದಷ್ಟನ್ನು ಒಗೆದ ಬಟ್ಟೆಚೀಲದಲ್ಲಿ ಕಟ್ಟಿ ಕೊಡಿ.