ನಾಲ್ಕು ಕಾರ್ಡ್‌ಗಳಲ್ಲಿ ‘ಪೆಹಲಾ ನಶಾ’

ಮಹಾರಾಷ್ಟ್ರದ ಬಾರಾಮತಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ನಾನು ಗಿಟಾರ್ ಕೊಂಡದ್ದು. ವಿಜಯಪುರದಿಂದ ಹೋದವನಿಗೆ ಅಲ್ಲಿನ ಬಿಸಿಲು, ಜೋಳದ ರೊಟ್ಟಿ ಯಾವುದೂ ಹೊಸದಲ್ಲ. ಶಿಫ್ಟ್ ಮುಗಿದ ಮೇಲಿನ ಖಾಲಿ ಸಂಜೆ ಮಾತ್ರ ಹೊಸದು. ಆ ಸಂಜೆಗಳಲ್ಲಿ ಬಾಡಿಗೆ ಕೋಣೆಯಲ್ಲಿ ಕೂತು ಕಲಿತ ಮೊದಲ ಹಾಡು ‘ಪೆಹಲಾ ನಶಾ’. 1992ರ ‘ಜೋ ಜೀತಾ ವಹೀ ಸಿಕಂದರ್’ ಚಿತ್ರದ್ದು. ಸಂಗೀತ ಜತಿನ್–ಲಲಿತ್, ಸಾಹಿತ್ಯ ಮಜರೂಹ್ ಸುಲ್ತಾನ್‌ಪುರಿ, ಹಾಡಿದವರು ಉದಿತ್ ನಾರಾಯಣ್ ಮತ್ತು ಸಾಧನಾ ಸರಗಮ್. ನಿಧಾನದ ಹಾಡಾದ್ದರಿಂದ ಬೆರಳಿಗೆ ಯೋಚಿಸಲು ಸಮಯ ಸಿಗುತ್ತದೆ. ಹೊಸಬರಿಗೆ ಇದನ್ನೇ ಹೇಳುತ್ತೇನೆ.

ಗಿಟಾರ್ ಕೊಳ್ಳುವಾಗ ಬಣ್ಣ ನೋಡಬೇಡಿ, ತಂತಿಯ ಎತ್ತರ ನೋಡಿ. ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಅಂತರ ಎರಡೂವರೆ ಮಿಲಿಮೀಟರ್ ಆಸುಪಾಸಿನಲ್ಲಿರಲಿ. ಇದು ತಿಳಿಯದೆ ನಾನು ಮೊದಲು ತಂದ ಗಿಟಾರ್‌ನಲ್ಲಿ ತಂತಿ ಎಷ್ಟು ಮೇಲಿತ್ತೆಂದರೆ, ಒತ್ತಿ ಒತ್ತಿ ಬೆರಳ ತುದಿ ಬೊಬ್ಬೆ ಎದ್ದಿತು. ತಪ್ಪು ನನ್ನ ಕೈಯದೇ ಎಂದುಕೊಂಡು ಎರಡು ತಿಂಗಳು ಕಳೆದೆ. ಸರಿಯಾದ ಗಿಟಾರ್‌ನಲ್ಲೂ ಮೊದಲ ಎರಡು–ಮೂರು ವಾರ ನೋವಿರುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ.

ಪ್ರತಿದಿನ ನುಡಿಸುವ ಮುನ್ನ ಮೊಬೈಲ್‌ನ ಟ್ಯೂನರ್ ಆ್ಯಪ್ ತೆರೆದು ಶ್ರುತಿ ಮಾಡಿಕೊಳ್ಳಿ. ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ, ಬಿ, ಇ. ತೀರಾ ತೆಳುವಾದದ್ದು ಒಂದನೇ ತಂತಿ, ದಪ್ಪದ್ದು ಆರನೆಯದು.

ಪಲ್ಲವಿಯನ್ನು ಸರಳವಾಗಿ ನುಡಿಸಲು ಜಿ, ಇ ಮೈನರ್, ಸಿ, ಡಿ ಎಂಬ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಸಾಕು. ಈ ನಾಲ್ಕನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಬೆರಳನ್ನು ಎತ್ತಬಾರದು ಎಂಬುದನ್ನು ಕಲಿಯಿರಿ. ಹಾಡು ತುಂಡಾಗದೆ ಹರಿಯುವುದು ಅದರಿಂದಲೇ.

ಜಿ ಹಿಡಿಯಿರಿ: ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ತೋರುಬೆರಳು ಐದನೇ ತಂತಿಯ ಎರಡರಲ್ಲಿ, ಉಂಗುರಬೆರಳು ಒಂದನೇ ತಂತಿಯ ಮೂರರಲ್ಲಿ. ಈಗ ತೋರುಬೆರಳು ಅಲ್ಲೇ ಇರಲಿ. ಉಂಗುರಬೆರಳು ಎತ್ತಿ, ನಡುಬೆರಳನ್ನು ನಾಲ್ಕನೇ ತಂತಿಯ ಎರಡಕ್ಕೆ ತಂದರೆ ಇ ಮೈನರ್ ಆಯಿತು. ಮುಂದಿನ ಸರದಿಯಲ್ಲಿ ನಡುಬೆರಳು ಅಲುಗಬಾರದು. ತೋರುಬೆರಳು ಎರಡನೇ ತಂತಿಯ ಒಂದಕ್ಕೆ, ಉಂಗುರಬೆರಳು ಐದನೇ ತಂತಿಯ ಮೂರಕ್ಕೆ ಹೋದರೆ ಸಿ.

ಎಲ್ಲರೂ ಎಡವುವುದು ಸಿಯಿಂದ ಡಿಗೆ ಹೋಗುವಾಗ. ಇಲ್ಲಿ ಮೂರೂ ಬೆರಳು ಏಳಲೇಬೇಕು. ಉಂಗುರಬೆರಳನ್ನು ಮೊದಲು ಇಳಿಸಿ. ಅದು ಅದೇ ಮೂರನೇ ಫ್ರೆಟ್‌ನಲ್ಲಿ ಐದನೇ ತಂತಿಯಿಂದ ಎರಡನೇ ತಂತಿಗೆ ಹೋಗುತ್ತದೆ. ಅದರ ಹಿಂದೆಯೇ ತೋರುಬೆರಳು ಮೂರನೇ ತಂತಿಯ ಎರಡರಲ್ಲಿ, ನಡುಬೆರಳು ಒಂದನೇ ತಂತಿಯ ಎರಡರಲ್ಲಿ ಕೂರುತ್ತವೆ. ಮತ್ತೆ ಜಿಗೆ ಬರುವಾಗ ಉಂಗುರಬೆರಳನ್ನು ಪಕ್ಕದ ತಂತಿಗೆ ಸರಿಸಿ, ಉಳಿದೆರಡನ್ನು ಜಿಯ ಜಾಗಕ್ಕೆ ತನ್ನಿ. ಗಡಿಯಾರ ಇಟ್ಟುಕೊಂಡು ಸಿ–ಡಿ ಬದಲಾವಣೆಯೊಂದನ್ನೇ ದಿನಕ್ಕೆ ಐದು ನಿಮಿಷ ಮಾಡಿ. ನಿಮಿಷಕ್ಕೆ ಮೂವತ್ತು ಸಲ ಸಲೀಸಾಗಿ ಬಂದ ಮೇಲೆ ಹಾಡಿಗೆ ಕೈ ಹಾಕಿ.

ಬಲಗೈಗೆ ಆರು ಎಣಿಕೆ. ದಾದ್ರಾ ತಾಳ ಕೇಳಿದವರಿಗೆ ಈ ತೂಗು ಗೊತ್ತಿರುತ್ತದೆ. ಒಂದಕ್ಕೆ ಹೆಬ್ಬೆರಳಿನಿಂದ ದಪ್ಪ ತಂತಿ, ಆಮೇಲೆ ಮೂರು, ಎರಡು, ಒಂದು, ಎರಡು, ಮೂರನೇ ತಂತಿಗಳನ್ನು ಒಂದೊಂದಾಗಿ ಮೀಟಿ. ಹೆಬ್ಬೆರಳು ಜಿ ಮತ್ತು ಇ ಮೈನರ್‌ಗೆ ಆರನೇ ತಂತಿ, ಸಿಗೆ ಐದನೇ ತಂತಿ, ಡಿಗೆ ನಾಲ್ಕನೇ ತಂತಿ ಮುಟ್ಟಬೇಕು. ಎಣಿಕೆ ತಪ್ಪಿದರೆ ವೇಗ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ನಿಂತು ತಿದ್ದಿಕೊಳ್ಳುವುದು ಅಭ್ಯಾಸವಾದರೆ ಹಾಡುವಾಗಲೂ ಅದೇ ಜಾಗದಲ್ಲಿ ಕೈ ನಿಲ್ಲುತ್ತದೆ.

ದನಿ ಸೇರಿಸುವಾಗ ಶ್ರುತಿ ತೀರಾ ಕೆಳಗಾಯಿತೆನಿಸಿದರೆ ಕಾರ್ಡ್ ಬದಲಿಸುವುದು ಬೇಡ, ಕೇಪೋ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಎರಡನೇ ಫ್ರೆಟ್‌ಗೆ ಹಾಕಿದರೆ ಅದೇ ಜಿ ಆಕಾರ ಎ ಆಗಿ ನುಡಿಯುತ್ತದೆ. ಚರಣದಲ್ಲಿ ಕಾರ್ಡ್‌ಗಳ ಓಟ ಬೇರೆ; ಪಲ್ಲವಿ ಕೈಗೆ ಹತ್ತಿದ ಮೇಲೆ ಅದನ್ನು ಕಲಿಯಿರಿ.

ಇನ್ನೊಂದು ಮಾತು ನಮ್ಮ ಸೀಮೆಯವರಿಗಾಗಿ. ನೀರಾ ಕಾಲುವೆ, ಕಬ್ಬಿನ ಹಸಿರು ಏನೇ ಇರಲಿ, ಬಾರಾಮತಿ ಸಹ್ಯಾದ್ರಿಯ ಮಳೆ ನೆರಳಿನ ಊರು. ವಿಜಯಪುರ, ಕಲಬುರಗಿಯ ಬೇಸಿಗೆಯೂ ಅಷ್ಟೇ ಒಣ. ಆ ಒಣಗಾಳಿಗೆ ಮರ ಕುಗ್ಗಿ, ಫ್ರೆಟ್‌ನ ಲೋಹದ ತುದಿಗಳು ಹೊರಚಾಚಿ ಅಂಗೈ ಕೆರೆಯುತ್ತವೆ. ತೂತು ಮಾಡಿದ ಸೋಪಿನ ಡಬ್ಬಿಯೊಳಗೆ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಅದನ್ನು ಗಿಟಾರ್ ಚೀಲದಲ್ಲಿ ಇಡಿ. ನೀರು ಮರಕ್ಕೆ ತಾಗಬಾರದು. ಮಾರ್ಚ್‌ನಿಂದ ಮೊದಲ ಮಳೆಯವರೆಗೆ, ನುಡಿಸದಿದ್ದಾಗ ಗಿಟಾರ್ ಚೀಲದೊಳಗೇ ಇರಲಿ. ತಗಡಿನ ಚಾವಣಿಯ ಕೆಳಗೆ ಗೋಡೆಗೆ ತೂಗುಹಾಕಬೇಡಿ.